ಊರ ಪುಸ್ತಕಕ್ಕೆ ಮನೆಗೊಂದು ಪುಟ

ಮಾನ್ಯ ಸಂಪಾದಕರೇ,

ಊರಿನ ಚರಿತ್ರೆಯನ್ನು ಮನೆಮನೆಯವರೇ ಬರೆದಿಡಬೇಕು ಎಂದು ಹೇಳಲು ಈ ಪತ್ರ. ಉಡುಪಿ ತಾಲೂಕಿನ ಒಂದು ಹಳ್ಳಿಯಲ್ಲಿ ಮೂವತ್ತೊಂದು ವರ್ಷ ಬ್ರಾಂಚ್ ಪೋಸ್ಟ್ ಮಾಸ್ಟರ್ ಆಗಿದ್ದವಳು ನಾನು. ನಮ್ಮ ಮನೆಯ ಚಾವಡಿಯೇ ಅಂಚೆ ಕಚೇರಿ. ಯಾವ ಮನೆಗೆ ಬೊಂಬಾಯಿಯ ಮನಿಯಾರ್ಡರ್ ಬರುತ್ತದೆ, ಯಾವ ಮನೆಗೆ ಬರುವುದು ನಿಂತಿದೆ ಎಂಬುದು ಎಲ್ಲರಿಗಿಂತ ಮೊದಲು ನನಗೇ ಗೊತ್ತಾಗುತ್ತಿತ್ತು. ಊರಿನ ಚರಿತ್ರೆಯೂ ನನಗೆ ಗೊತ್ತು ಎಂಬ ಜಂಬ ಇತ್ತು. ಅದು ಇಳಿದದ್ದು ಕಳೆದ ವರ್ಷ, ಮಗಳ ಬಾಣಂತನಕ್ಕೆಂದು ಕೆನಡಾದ ವಿನ್ನಿಪೆಗ್‌ಗೆ ಹೋದಾಗ.

ಅಲ್ಲಿ ಒಂದು ಭಾನುವಾರ ಅಳಿಯ ಇಂಗ್ಲಿಸ್ ಎಂಬ ಸಣ್ಣ ಊರಿಗೆ ಕರೆದುಕೊಂಡು ಹೋದ. ನಾಲ್ಕು ಗಂಟೆಗೂ ಮೇಲಿನ ದಾರಿ. ಆ ಬಯಲು ಸೀಮೆಯನ್ನು ಜನ ಬಂದು ಕೂರುವ ಮೊದಲೇ ಸರ್ವೆಯವರು ಚೌಕ ಚೌಕವಾಗಿ ಗೀರಿಟ್ಟಿದ್ದರಂತೆ. ಆರು ಮೈಲಿ ಉದ್ದ, ಆರು ಮೈಲಿ ಅಗಲ, ಅದರೊಳಗೆ 36 ತುಂಡು, ಒಂದೊಂದು ತುಂಡು 640 ಎಕರೆ. ನಮ್ಮಲ್ಲಾದರೆ ಕೆಳಗೆ ಬೈಲು, ಅದರ ಮೇಲೆ ಮಜಲು, ಅದಕ್ಕೂ ಮೇಲೆ ಬೆಟ್ಟು ಎಂದು ನೀರು ಹೇಳಿದ ಹಾಗೆ ಗದ್ದೆ. ಅಲ್ಲಿ ಹಗ್ಗ ಹಿಡಿದವನು ಹೇಳಿದ ಹಾಗೆ. 1872ರ ಕಾಯ್ದೆಯ ಪ್ರಕಾರ ಹತ್ತು ಡಾಲರ್ ಕಟ್ಟಿ, ಮೂರು ವರ್ಷ ಅಲ್ಲೇ ಇದ್ದು, ಮನೆ ಕಟ್ಟಿ, ನೆಲ ಉತ್ತವನಿಗೆ 160 ಎಕರೆ. ಕೇಳಿದಾಗ ನನಗೆ ನೆನಪಾದದ್ದು ನಮ್ಮ 1974ರ ಡಿಕ್ಲರೇಶನ್, ಗೇಣಿದಾರರು ತಾವು ಉಳುವ ಭೂಮಿಗಾಗಿ ಕೊಟ್ಟ ಅರ್ಜಿ, ಫಾರ್ಮ್ ನಂ. 7. ಆದರೆ ನಮ್ಮ ಮನೆಗೆ ಸಿಕ್ಕಿದ್ದು ಒಂದೂಕಾಲು ಎಕರೆ, ಅದೂ ತಲೆಮಾರುಗಳಿಂದ ಉಳುತ್ತಿದ್ದದ್ದೇ.

ಇಂಗ್ಲಿಸ್‌ನಲ್ಲಿ ನೋಡಲು ಇರುವುದು ಸಾಲಾಗಿ ನಿಂತ ಐದು ಮರದ ಕಟ್ಟಡ. ಅಲ್ಲಿಯವರು ಎಲಿವೇಟರ್ ಎನ್ನುತ್ತಾರೆ, ಅಂದರೆ ಧಾನ್ಯದ ಕಣಜ. ನಾನು ಮಗಳಿಗೆ, "ಇದು ಆರು ಮಾಳಿಗೆಯ ಪತ್ತಾಯ ಮಾರಾಯ್ತಿ" ಎಂದೆ. ಗೋಧಿಯನ್ನು ಮೇಲಕ್ಕೆತ್ತಿ ತುಂಬಿಡುವುದು, ರೈಲು ಬಂದಾಗ ಕೆಳಗೆ ವ್ಯಾಗನ್ನಿಗೆ ಸುರಿಯುವುದು. 1922ರಲ್ಲಿ ರೈಲು ಬಂದ ಮೇಲೆ ಒಂದೊಂದಾಗಿ ಎದ್ದವು. ಆ ಸೀಮೆಯಲ್ಲಿ ಏಳೆಂಟು, ಹತ್ತು ಮೈಲಿಗೊಂದು ಸ್ಟೇಷನ್, ಸ್ಟೇಷನ್ನಿಗೊಂದು ಊರು. ಕುದುರೆಗಾಡಿಯಲ್ಲಿ ಕಾಳು ಹೇರಿಕೊಂಡು ಹೋದವನು ಕತ್ತಲಾಗುವುದರೊಳಗೆ ಮನೆಗೆ ತಿರುಗಿ ಬರಬೇಕಲ್ಲ, ಅದೇ ಲೆಕ್ಕ. 1930ರ ದಶಕದಲ್ಲಿ ಇಂಥ ಪತ್ತಾಯಗಳು ಐದು ಸಾವಿರಕ್ಕೂ ಮೇಲೆ ಇದ್ದವು. ಆಮೇಲೆ ಲಾರಿ ಬಂತು. ಧಾನ್ಯ ಸಾಗಣೆಗೆ 1897ರಿಂದ ಇದ್ದ ಅಗ್ಗದ ರೈಲು ದರ 1995ಕ್ಕೆ ಹೋಯಿತು. ಲಾಭವಿಲ್ಲದ ಹಳಿಗಳನ್ನು ಕಿತ್ತರು, ಪತ್ತಾಯಗಳನ್ನು ಕೆಡವಿದರು. ಇಂಗ್ಲಿಸ್‌ನ ಐದು ಸಾಲಾಗಿಯೇ ಉಳಿದು ಈಗ ರಾಷ್ಟ್ರೀಯ ಸ್ಮಾರಕ.

ನನ್ನ ಮನಸ್ಸಿನಲ್ಲಿ ಕೂತದ್ದು ಮಾತ್ರ ಅದಲ್ಲ. ಮಗಳ ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜಿ ಇದ್ದಾರೆ, ಯುಕ್ರೇನಿನಿಂದ ಬಂದವರ ಸಂತತಿ. ಅವರು ತಮ್ಮ ಹುಟ್ಟೂರಿನ ಪುಸ್ತಕ ತಂದು ತೋರಿಸಿದರು. ಇಟ್ಟಿಗೆಯಷ್ಟು ದಪ್ಪ. ಆ ಊರಲ್ಲಿ ಈಗ ಇರುವುದು ಹನ್ನೊಂದು ಮನೆ! 1970ರಲ್ಲಿ ಮ್ಯಾನಿಟೋಬ ಪ್ರಾಂತ್ಯಕ್ಕೆ ನೂರು ತುಂಬಿದ ಆಸುಪಾಸಿನಲ್ಲಿ ಬಹಳಷ್ಟು ಹಳ್ಳಿಗಳು ಹೀಗೆ ಪುಸ್ತಕ ಮಾಡಿಕೊಂಡವಂತೆ. ಬರೆದವರು ಪಂಡಿತರಲ್ಲ. ಮನೆಮನೆಯವರು ತಮ್ಮ ತಮ್ಮ ಪುಟ ಬರೆದುಕೊಟ್ಟಿದ್ದಾರೆ: ಯಾವ ವರ್ಷ ಬಂದರು, ಮೊದಲ ಚಳಿಗಾಲ ಎಲ್ಲಿ ಕಳೆದರು, ಯಾವ ಮಗು ತೀರಿಕೊಂಡಿತು, ಶಾಲೆಗೆ ಸೌದೆ ಯಾರು ಕೊಟ್ಟರು. ಓದಲು ಬಾರದಿದ್ದರೂ ಫೋಟೋ ನೋಡುತ್ತಾ, ಮಗಳ ಬಾಯಲ್ಲಿ ಕೇಳುತ್ತಾ ಎರಡು ಮಧ್ಯಾಹ್ನ ಕಳೆದೆ.

ದೋಷವೂ ಕಂಡಿತು. ಆ ಕಾಯ್ದೆಯಲ್ಲಿ ಮದುವೆಯಾಗದ ಹೆಣ್ಣಿಗೆ ಜಾಗ ಸಿಗುತ್ತಿರಲಿಲ್ಲ. ಮಕ್ಕಳಿರುವ ವಿಧವೆಗೆ ಸಿಕ್ಕರೆ ಉಂಟು. ಹಾಗಾಗಿ ಪುಸ್ತಕದ ತುಂಬ ಗಂಡಸರ ಹೆಸರೇ ದಪ್ಪಕ್ಷರದಲ್ಲಿ. (ನಾವೇನು ಕಡಿಮೆ? ಹೆಣ್ಣಿನ ಸಂತತಿಯಲ್ಲಿ ಆಸ್ತಿ ಇಳಿಯುವ ಅಳಿಯಕಟ್ಟಿನ ಮನೆ ನಮ್ಮದು, ನೇಜಿ ನೆಟ್ಟವಳು ಅಜ್ಜಿ, ಫಾರ್ಮಿಗೆ ಸಹಿ ಹಾಕಿದ್ದು ಸೋದರಮಾವ.) ಇನ್ನೂ ದೊಡ್ಡ ದೋಷವೆಂದರೆ ಪುಸ್ತಕ ಸುರುವಾಗುವುದೇ ವಲಸೆ ಬಂದವರಿಂದ. ಅದಕ್ಕೆ ಮೊದಲು ಆ ನೆಲದಲ್ಲಿ ಯಾರೂ ಇರಲಿಲ್ಲವೇ? ಇಂಗ್ಲಿಸ್‌ಗೆ ಹೆಚ್ಚು ದೂರವಿಲ್ಲದ ರೈಡಿಂಗ್ ಮೌಂಟನ್ ರಾಷ್ಟ್ರೀಯ ಉದ್ಯಾನದ ಒಳಗಿದ್ದ ಒಜಿಬ್ವೆ ಎಂಬ ಮೂಲನಿವಾಸಿ ಜನರನ್ನು 1936ರಲ್ಲಿ ಎಬ್ಬಿಸಿ ಅವರ ಮನೆಗಳನ್ನು ಸುಟ್ಟರು ಎಂದು ಅಳಿಯ ಹೇಳಿದ. ನಾವು ಪುಸ್ತಕ ಮಾಡಿದರೂ ಗುತ್ತಿನ ಮನೆ, ದೇವಸ್ಥಾನ, ಬ್ರಹ್ಮಕಲಶ ಎಂದು ನೂರು ಪುಟ ತುಂಬಿಸಿ, ಗುಡ್ಡೆಯ ಆಚೆ ಬುಟ್ಟಿ ಹೆಣೆಯುವ ಕೊರಗರ ಮನೆಗಳನ್ನು ಬಿಟ್ಟೇಬಿಡುತ್ತೇವೆ. ಕೊರಗರನ್ನು ಕೀಳಾಗಿ ನಡೆಸಿಕೊಳ್ಳುವ ಅಜಲು ಪದ್ಧತಿ ನಿಷೇಧಿಸಲು 2000ನೇ ಇಸವಿಯಲ್ಲಿ ಕಾನೂನೇ ಬೇಕಾಯಿತು. ಆ ಮನೆಗಳ ಪುಟ ಅವರೇ ಬರೆಯಬೇಕು, ಅಥವಾ ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳಬೇಕು.

ಊರಿಗೆ ಬಂದವಳೇ ಗ್ರಾಮಸಭೆಯಲ್ಲಿ ಈ ವಿಷಯ ಎತ್ತಿದೆ. "ಒಳ್ಳೆಯದೇ ಅಕ್ಕ, ಆದರೆ ಅದಕ್ಕೆ ಅನುದಾನ ಇಲ್ಲ" ಎಂದರು. ಹಿಂದೆ ಕೂತ ಒಬ್ಬರು ನಕ್ಕರು. ಅನುದಾನ ಯಾಕೆ ಬೇಕು? ಪಂಚಾಯತಿನ ಅರಿವು ಕೇಂದ್ರದಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ ಇಟ್ಟರೆ ಸಾಕು. ಗೇಣಿ ಅಕ್ಕಿಯ ಮುಡಿ ಹೊತ್ತವರು, ಭೂ ನ್ಯಾಯಮಂಡಳಿಯ ಎದುರು ಕೈಕಟ್ಟಿ ನಿಂತವರು, ಬೊಂಬಾಯಿ ಹೋಟೆಲಿನಲ್ಲಿ ತಟ್ಟೆ ತೊಳೆದು ರಾತ್ರಿ ಶಾಲೆಗೆ ಹೋದವರು ಎಂಬತ್ತರ ಆಸುಪಾಸಿನಲ್ಲಿದ್ದಾರೆ. ನಾನು ಪೋಸ್ಟ್ ಹಂಚಿದ ಮನೆಗಳಲ್ಲಿ ಹದಿನೇಳಕ್ಕೆ ಈಗ ಬೀಗ. ಆ ಮನೆಗಳ ಹೆಸರು ಹೊಸ ಪೋಸ್ಟ್‌ಮ್ಯಾನ್ ಹುಡುಗನಿಗೆ ಗೊತ್ತಿಲ್ಲ. ಅವನಿಗೆ ಬೇಕಾದದ್ದು ಮೊಬೈಲ್ ನಂಬರ್.

ತಮ್ಮ ಪತ್ರಿಕೆ ವಾರಕ್ಕೊಮ್ಮೆ ಒಂದು ಹಳ್ಳಿಯ ಒಂದು ಮನೆಯ ಪುಟಕ್ಕೆ ಜಾಗ ಕೊಟ್ಟರೆ ಉಳಿದ ಊರುಗಳಿಗೂ ಹುಮ್ಮಸ್ಸು ಬಂದೀತು. ನಮ್ಮ ಮನೆಯದ್ದು ಬರೆದಾಗಿದೆ, ಒಂದು ಪುಟ ಎಂದುಕೊಂಡದ್ದು ನಾಲ್ಕಾಯಿತು. ಮಾವನ ಫಾರ್ಮ್ ನಂ. 7ರ ಜೆರಾಕ್ಸನ್ನೂ ಈ ಪತ್ರದ ಜೊತೆಗೆ ಇಟ್ಟಿದ್ದೇನೆ. ಅಜ್ಜಿಯ ಹೆಸರನ್ನು ಅದರ ಮಗ್ಗುಲಲ್ಲಿ ಪೆನ್ಸಿಲಿನಲ್ಲಿ ನಾನೇ ಬರೆದದ್ದು.

— ನಿವೃತ್ತ ಬ್ರಾಂಚ್ ಪೋಸ್ಟ್ ಮಾಸ್ಟರ್, ಉಡುಪಿ ತಾಲೂಕು