ಚಾರ್ಮಾಡಿ ಘಾಟಿಯಲ್ಲಿ ಸಿಕ್ಕ ಅಣ್ಣನಿಗೆ

ಅಣ್ಣಾ, ನಿಮ್ಮ ಹೆಸರು ಗೊತ್ತಿಲ್ಲ. ಘಾಟಿ ಏರಲಾಗದೆ ಒದ್ದಾಡುತ್ತಿದ್ದ ನನ್ನ ಹಳೇ 100 ಸಿಸಿ ಟೂ ಸ್ಟ್ರೋಕ್ ಗಾಡಿ ನೋಡಿ ನೀವೇ ಜೀಪು ನಿಲ್ಲಿಸಿದಿರಿ. ಊರಲ್ಲಿ ಎಲ್ಲರೂ ಸುಮ್ನೆ ಕಾರ್ಬೊರೇಟರನ್ನೇ ಬಿಚ್ಚಿ ತೊಳೆದಿದ್ದರು. ನೀವು ಮೊದಲು ಸೈಲೆನ್ಸರ್ ತುದಿಗೆ ಅಂಗೈ ಹಿಡಿದಿರಿ. "ಹೊಗೆ ಹೋಗ್ಲಿಕ್ಕೇ ದಾರಿ ಇಲ್ಲ ಮಾರಾಯ್ರೆ, ಇಂಜಿನ್ ಹೇಗೆ ಎಳೀತದೆ?"

ಹಿಂದಿನ ಸ್ಕ್ರೂ ಬಿಚ್ಚಿ ಒಳಗಿನ ಕೊಳವೆ ಎಳೆದರೆ, ತೂತುಗಳೆಲ್ಲ ಟಾರಿನಂಥ ಕರಿಯಿಂದ ಮುಚ್ಚಿಹೋಗಿದ್ದವು. ಎಲ್ಲಾ ಪೆಟ್ರೋಲ್ ಜೊತೆ ಇಂಜಿನ್ನಿಗೆ ಹೋಗಿ ಸುಟ್ಟ ಟೂಟಿ (2T) ಆಯಿಲ್! ತಂತಿ ಹಾಕಿ ಒಂದೊಂದೇ ತೂತು ಬಿಡಿಸಿದಿರಿ. ಇಂಜಿನ್ನಿಗೆ ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ಗನ್ನೂ ತೆಗೆದು ತೋರಿಸಿದಿರಿ: ತುದಿ ಕಂದಾಗಿದ್ದರೆ ಸರಿ, ಕಪ್ಪಗೆ ಒದ್ದೆಯಾಗಿದ್ದರೆ ಆಯಿಲ್ಲೋ ಪೆಟ್ರೋಲೋ ಜಾಸ್ತಿ.

ಆಮೇಲೆ ಗಾಡಿ ಆರಾಮಾಗಿ ಹತ್ತಿತು. ದುಡ್ಡು ಕೊಡಹೋದರೆ ಬೈದಿರಿ. ಕೊಟ್ಟಿಗೆಹಾರದಲ್ಲಿ ಒಂದು ಪ್ಲೇಟ್ ನೀರುದೋಸೆ ನನ್ನ ಲೆಕ್ಕದಲ್ಲಿ ಬಾಕಿ ಇದೆ. ತುಂಬಾ ಥ್ಯಾಂಕ್ಸ್ ಅಣ್ಣಾ.