ಹಂಟ್ಸ್‌ವಿಲ್‌ನ ಹಾಕಿ ತಂಡಕ್ಕೆ ಒಂದು ಮೊತ್ತ ಹೇಳಿ, ಒಂದು ತಾರೀಖು ಹೇಳಿ

ಅಲಬಾಮಾ ರಾಜ್ಯದ ಗವರ್ನರ್ ಅವರಿಗೆ ಬಹಿರಂಗ ಪತ್ರ

ಮಾನ್ಯರೇ,

ನಿಮಗೆ ಕನ್ನಡ ಬಾರದೆಂದು ಗೊತ್ತು. ಇದೇ ಪತ್ರದ ಇಂಗ್ಲಿಷ್ ಪ್ರತಿಯನ್ನು ಮಾಂಟ್‌ಗಮರಿಯ ನಿಮ್ಮ ಕಚೇರಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ಕನ್ನಡದಲ್ಲೂ ಬರೆಯುತ್ತಿರುವುದು ಇಲ್ಲಿರುವ ನಮ್ಮವರಿಗಾಗಿ. ರಾಕೆಟ್ಟು, ಸಾಫ್ಟ್‌ವೇರು ಅಂತ ಬಂದು ಹಂಟ್ಸ್‌ವಿಲ್‌ನಲ್ಲಿ ಬೇರು ಬಿಟ್ಟ ನಮ್ಮಲ್ಲಿ ಎಷ್ಟೋ ಜನಕ್ಕೆ ಈ ಊರಿನ ವಿಶ್ವವಿದ್ಯಾಲಯಕ್ಕೊಂದು ಐಸ್ ಹಾಕಿ ತಂಡ ಇತ್ತೆಂಬುದೇ ತಿಳಿಯದು. ತಿಳಿದವರು "ಅದು ಮುಚ್ಚಿಹೋಯ್ತಲ್ಲ" ಅಂದು ಮಾತು ಬದಲಿಸುತ್ತಾರೆ. ಮುಚ್ಚಿಲ್ಲ. 2021ರ ಮೇ ತಿಂಗಳಲ್ಲಿ ವಿಶ್ವವಿದ್ಯಾಲಯ ಬಳಸಿದ್ದು 'ಅಮಾನತು' ಎಂಬ ಪದ. ನನ್ನ ತಕರಾರು ಆ ಪದದ ಮೇಲೆ.

ನಾನು ಕೊಡಗಿನವನು. ನಮ್ಮಲ್ಲಿ ಹಾಕಿ ಅಂದರೆ ಮನೆತನದ ಹೆಸರು ಹೊತ್ತು ಆಡುವ ಆಟ. 1997ರಿಂದ ನಡೆಯುತ್ತಿರುವ ಕೊಡವ ಕುಟುಂಬ ಹಾಕಿಯಲ್ಲಿ ಅಜ್ಜ, ಮೊಮ್ಮಗ, ಸೊಸೆ ಒಂದೇ ತಂಡದಲ್ಲಿ ಇಳಿದದ್ದುಂಟು. ಹಾಗಾಗಿ 2009ರಲ್ಲಿ, ಇಲ್ಲಿಗೆ ಬಂದ ಹೊಸತರಲ್ಲಿ, ಪಕ್ಕದ ಮನೆಯ ಹಿರಿಯರು "ಹಾಕಿ ನೋಡೋಕೆ ಬರ್ತೀಯಾ?" ಅಂದಾಗ ಹಸಿರು ಮೈದಾನ ನೆನೆದುಕೊಂಡು ಹೊರಟೆ. ಅವರು ಮಿನೆಸೋಟದಲ್ಲಿ ಹುಟ್ಟಿ ನಾಸಾದಲ್ಲಿ ದುಡಿದು ನಿವೃತ್ತರಾದ ಎಂಜಿನಿಯರು. ವಾನ್ ಬ್ರೌನ್ ಸೆಂಟರ್‌ನ ಹೊರಗೆ ಇನ್ನೂ ಸೆಕೆ. ಜನ ಅರ್ಧ ತೋಳಿನ ಅಂಗಿಯಲ್ಲಿ ಕಾರಿನಿಂದ ಇಳಿದು, ಹಿಂದಿನ ಸೀಟಿನಿಂದ ದಪ್ಪ ಜಾಕೆಟ್ ತೆಗೆದು ಹೆಗಲಿಗೆ ಹಾಕಿಕೊಂಡು ಒಳಗೆ ನಡೆಯುತ್ತಿದ್ದರು. ನನಗೆ ಜಾಕೆಟ್ ಇರಲಿಲ್ಲ. ಹಿರಿಯರು ಕಾರಿನ ಡಿಕ್ಕಿಯಿಂದ ಎರಡು ನೀಲಿ ದಿಂಬು ತೆಗೆದು ಒಂದನ್ನು ನನ್ನ ಕೈಗೆ ಕೊಟ್ಟು, "ಕುರ್ಚಿ ತಣ್ಣಗಿರುತ್ತೆ" ಅಂದರು. ಪಕ್ ಅನ್ನುವುದು ಮೂರು ಅಂಗುಲ ಅಗಲ, ಒಂದು ಅಂಗುಲ ದಪ್ಪದ ಗಟ್ಟಿ ರಬ್ಬರ್ ಬಿಲ್ಲೆ. ಅದು ನನ್ನೆದುರಿನ ಗಾಜಿಗೆ ಬಂದು ಬಡಿದ ಸದ್ದಿಗೆ ಕಾಫಿ ಪೂರ್ತಿ ಪ್ಯಾಂಟಿನ ಮೇಲೆ ಚೆಲ್ಲಿಕೊಂಡೆ. ಆ ಚಳಿಯಲ್ಲಿ ಅದೂ ಹಿತವಾಗಿಯೇ ಇತ್ತು.

ಹತ್ತಿಯ ಸೀಮೆಗೆ ಹಿಮದ ಆಟ ಬಂದದ್ದು ರಾಕೆಟ್ಟಿನ ಬೆನ್ನು ಹತ್ತಿ. 1950ರಲ್ಲಿ ರಾಕೆಟ್ ವಿಜ್ಞಾನಿ ವಾನ್ ಬ್ರೌನ್ ಅವರ ತಂಡ ಇಲ್ಲಿಗೆ ಬಂತು, 1960ರಲ್ಲಿ ಮಾರ್ಷಲ್ ಬಾಹ್ಯಾಕಾಶ ಕೇಂದ್ರ ಶುರುವಾಯಿತು, ಉತ್ತರದ ಚಳಿ ರಾಜ್ಯಗಳಿಂದ ಎಂಜಿನಿಯರುಗಳು ಬಂದರು. ಅವರ ಸಾಮಾನಿನ ಜೊತೆ ಸ್ಕೇಟು, ಕೋಲುಗಳೂ ಬಂದವು. 1979ರಲ್ಲಿ ವಿಶ್ವವಿದ್ಯಾಲಯದಲ್ಲಿ ಕ್ಲಬ್ ತಂಡವೊಂದು ಹುಟ್ಟಿತು. 1982, 83, 84, ಮೂರು ವರ್ಷ ಸಾಲಾಗಿ ಅದು ರಾಷ್ಟ್ರೀಯ ಕ್ಲಬ್ ಚಾಂಪಿಯನ್. 1987ರಲ್ಲಿ ಈಗ ನೀವು ಕೂತಿರುವ ಕುರ್ಚಿಯಲ್ಲಿದ್ದ ಗೈ ಹಂಟ್ ಅವರು ಹಂಟ್ಸ್‌ವಿಲ್ ಅನ್ನು 'ದಕ್ಷಿಣದ ಹಾಕಿ ರಾಜಧಾನಿ' ಎಂದು ಘೋಷಿಸಿದರು. ಆ ಘೋಷಣೆಯನ್ನು ಯಾರೂ ವಾಪಸು ಪಡೆದಂತಿಲ್ಲ.

ಈ ತಂಡದ ಚರಿತ್ರೆಯನ್ನು ಗೆಲುವು ಸೋಲಿನ ಲೆಕ್ಕದಲ್ಲಿ ಓದಿದರೆ ವಿಷಯ ತಪ್ಪಿಹೋಗುತ್ತದೆ. ಕೈಯಲ್ಲಿ ಕೋಲಿದ್ದಾಗ ಇವರು ಕಳೆದುಕೊಂಡದ್ದು ಕಡಿಮೆ. ಕಳೆದುಕೊಂಡದ್ದೆಲ್ಲ ಯಾರ ಜೊತೆ ಆಡಬೇಕೆಂಬ ಪ್ರಶ್ನೆಯಲ್ಲಿ. 1976ರ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಪರ ಆಡಿದ್ದ ಡಗ್ ರಾಸ್ ಅವರು 1982ರಿಂದ 2007ರವರೆಗೆ ಕೋಚ್ ಆಗಿದ್ದರು. ಕಾಲು ಶತಮಾನ! ಅವರ ಕಾಲದಲ್ಲಿ 1996ರಲ್ಲಿ, ಮತ್ತೆ 1998ರಲ್ಲಿ, ಎರಡು ಸಲವೂ ಬೆಮಿಜಿ ಸ್ಟೇಟ್ ತಂಡವನ್ನು ಮಣಿಸಿ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ಎರಡನೇ ಡಿವಿಜನ್ನಿನ, ಅಂದರೆ ಎರಡನೇ ದರ್ಜೆಯ, ಕಿರೀಟ ಬಂತು. ಬಂದ ಹಿಂದೆಯೇ ಆ ಸ್ಪರ್ಧೆಯೇ ನಿಂತುಹೋಯಿತು. 1999ರ ನಂತರ ಎರಡನೇ ಡಿವಿಜನ್ನಿಗೆ ಹಾಕಿ ಚಾಂಪಿಯನ್‌ಶಿಪ್ ಇಲ್ಲ. ಉಳಿದೆಲ್ಲ ಆಟಗಳನ್ನು ಎರಡನೇ ಡಿವಿಜನ್ನಿನಲ್ಲಿ ಆಡುವ ಈ ವಿಶ್ವವಿದ್ಯಾಲಯ, ಹಾಕಿಯಲ್ಲಿ ಮಾತ್ರ ಮಿಷಿಗನ್, ಮಿನೆಸೋಟಗಳಂಥ ದೈತ್ಯರಿರುವ ಮೊದಲನೇ ಡಿವಿಜನ್ನಿನಲ್ಲಿ ನಿಂತಿತು.

ನಿಂತದ್ದಷ್ಟೇ ಅಲ್ಲ. 2007ರಲ್ಲಿ ರಾಷ್ಟ್ರೀಯ ಟೂರ್ನಿಗೆ ಹೋಗಿ, ಗ್ರಾಂಡ್ ರ‍್ಯಾಪಿಡ್ಸ್‌ನಲ್ಲಿ ನೋಟರ್ ಡೇಮ್ ತಂಡವನ್ನು ಎರಡನೇ ಹೆಚ್ಚುವರಿ ಅವಧಿಯವರೆಗೆ ಎಳೆದು 3-2ರಲ್ಲಿ ಸೋತರು. 2010ರಲ್ಲಿ ಅಗ್ರ ಶ್ರೇಯಾಂಕದ ಮಿಯಾಮಿಗೆ ಸೋತದ್ದು 2-1ರಲ್ಲಿ. ಅಂದು ಗೋಲಿನ ಮುಂದಿದ್ದವರು ಕ್ಯಾಮ್ ಟಾಲ್ಬಟ್, ನಾನು ಕಾಫಿ ಚೆಲ್ಲಿಕೊಂಡ ದಿನವೂ ಅವರೇ. ವೃತ್ತಿಪರ ಐಸ್ ಹಾಕಿಯ ದೊಡ್ಡ ಲೀಗ್ ಆದ ಎನ್‌ಎಚ್‌ಎಲ್‌ನ ತಂಡಗಳು ಹುಡುಗರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಅವರನ್ನು ಯಾರೂ ಕೇಳಿರಲಿಲ್ಲ; ಮುಂದೆ ಅವರು ಅದೇ ಎನ್‌ಎಚ್‌ಎಲ್‌ನ ಆಲ್-ಸ್ಟಾರ್ ಪಂದ್ಯಕ್ಕೆ ಆಯ್ಕೆಯಾದರು. ಕೋಚ್ ರಾಸ್ ಅವರ ಮಗ ಜ್ಯಾರೆಡ್ ಹುಟ್ಟಿದ್ದು ಇದೇ ಊರಲ್ಲಿ, ಓದಿ ಆಡಿದ್ದು ಇದೇ ತಂಡದಲ್ಲಿ. ಅಲಬಾಮಾದಲ್ಲೇ ಹುಟ್ಟಿ, ಇಲ್ಲೇ ಆಟ ಕಲಿತು ಎನ್‌ಎಚ್‌ಎಲ್‌ವರೆಗೆ ಹೋದವರು ಅವರು. ಫುಟ್‌ಬಾಲ್ ಆಟಗಾರರನ್ನು ಬೆಳೆಯುವುದು ನಿಮ್ಮ ರಾಜ್ಯಕ್ಕೆ ಹೊಸದಲ್ಲ. ಇದು ಹೊಸದು.

ಇನ್ನು ಕಾನ್ಫರೆನ್ಸ್ ಕಥೆ. ಓದುಗರಿಗಾಗಿ ಹೇಳುವುದಾದರೆ, ಕಾನ್ಫರೆನ್ಸ್ ಅಂದರೆ ವರ್ಷವಿಡೀ ತಮ್ಮತಮ್ಮಲ್ಲೇ ಆಡಲು ಒಪ್ಪಿಕೊಂಡ ಕಾಲೇಜುಗಳ ಬಳಗ. ಬಳಗವಿಲ್ಲದ ತಂಡ ಪ್ರತಿ ವರ್ಷ ಮನೆಮನೆ ಬಾಗಿಲು ತಟ್ಟಿ ಪಂದ್ಯ ಕೇಳಬೇಕು. 2009ರಲ್ಲಿ ಒಂದು ಬಳಗ ನಮ್ಮ ಅರ್ಜಿ ತಿರಸ್ಕರಿಸಿತು. 2010ರಲ್ಲಿ ಇದ್ದ ಬಳಗವೇ ಒಡೆದುಹೋಯಿತು. ಮೂರು ವರ್ಷ ತಂಡ ಒಂಟಿ. ಗೆದ್ದದ್ದು ಬೆರಳೆಣಿಕೆಯಷ್ಟು. 2011ರ ಅಕ್ಟೋಬರ್‌ನಲ್ಲಿ ತಂಡವನ್ನು ಕ್ಲಬ್ ಮಟ್ಟಕ್ಕೆ ಇಳಿಸುವ ತೀರ್ಮಾನವಾಯಿತು, ಡಿಸೆಂಬರ್‌ನಲ್ಲಿ ಹೊಸ ಅಧ್ಯಕ್ಷರು ಬಂದು ಅದನ್ನು ರದ್ದು ಮಾಡಿದರು. 2013ರಲ್ಲಿ ಡಬ್ಲ್ಯುಸಿಎಚ್‌ಎ ಎಂಬ ಬಳಗ ಕೈಹಿಡಿಯಿತು. ಅದರಲ್ಲಿ ಅಲಾಸ್ಕದ ಎರಡು ತಂಡಗಳಿದ್ದವು. ಅಲಬಾಮಾದಿಂದ ಫೇರ್‌ಬ್ಯಾಂಕ್ಸ್‌ಗೆ ವಿಮಾನ ಹತ್ತಿ ಹೋಗಿ ಕಾಲೇಜು ಪಂದ್ಯ ಆಡಿಬರುವುದನ್ನು ಊಹಿಸಿಕೊಳ್ಳಿ. 2019ರಲ್ಲಿ ಏಳು ಕಾಲೇಜುಗಳು ಬೇರೆ ಮನೆ ಮಾಡುತ್ತೇವೆಂದು ಎದ್ದುಹೋದವು. ದೂರದ ಮೂವರನ್ನು, ನಮ್ಮನ್ನೂ ಅಲಾಸ್ಕದ ಇಬ್ಬರನ್ನೂ, ಹಿಂದೆ ಬಿಟ್ಟು.

2020ರ ಮೇ 22ರಂದು, ಕೊರೋನಾದ ನಡುವೆ, ತಂಡ ರದ್ದೆಂಬ ಪ್ರಕಟಣೆ ಬಂತು. ಹಳೆಯ ಆಟಗಾರರೂ ಅಭಿಮಾನಿಗಳೂ ಒಂದೇ ವಾರದಲ್ಲಿ ಐದು ಲಕ್ಷ ಡಾಲರ್‌ಗೂ ಹೆಚ್ಚು ಕೂಡಿಸಿದರು. ಇಬ್ಬರು ಹಳೆಯ ವಿದ್ಯಾರ್ಥಿಗಳು ತಲಾ ಒಂದೂಕಾಲು ಲಕ್ಷ ಕೊಡುತ್ತೇವೆಂದು ಮುಂದೆ ಬಂದರು. ನಾನೂ ಕೊಟ್ಟೆ. ಎಷ್ಟೆಂದು ಹೇಳಲಾರೆ, ಹೆಂಡತಿ ಓದುತ್ತಾಳೆ. ತಂಡ ಇನ್ನೊಂದು ವರ್ಷ ಆಡಿತು. ಆದರೆ ಬಳಗ ಸಿಗಲಿಲ್ಲ, 2021ರ ಮೇನಲ್ಲಿ ಅಮಾನತಾಯಿತು.

ಇಲ್ಲಿ ಅಲಾಸ್ಕದ ಆಂಕರೇಜ್ ಕಡೆ ನೋಡಬೇಕು. ಅವರಿಗೂ ಅದೇ ಗತಿ, ಅದೇ ವರ್ಷ. ಆದರೆ ಅಲ್ಲಿನ ಆಡಳಿತ ಮಂಡಳಿ 'ಅಮಾನತು' ಎಂದು ಕೈತೊಳೆದುಕೊಳ್ಳಲಿಲ್ಲ. ಎರಡು ವರ್ಷದ ಖರ್ಚು ಕೂಡಿಸಿ ತನ್ನಿ, ಸುಮಾರು 30 ಲಕ್ಷ ಡಾಲರ್, 2021ರ ಆಗಸ್ಟ್ ಕೊನೆಯೊಳಗೆ ಅಂದಿತು. ಮೊತ್ತ ದೊಡ್ಡದೇ. ಆದರೆ ಗೊತ್ತಾದ ಮೊತ್ತ, ಗೊತ್ತಾದ ದಿನ. ಜನ ತಂದುಕೊಟ್ಟರು. 2022ರಲ್ಲಿ ತಂಡ ಮತ್ತೆ ಹಿಮಕ್ಕಿಳಿಯಿತು, ಯಾವ ಬಳಗವೂ ಇಲ್ಲದೆಯೇ.

ಒಂಟಿಯಾಗಿ ಆಡುವುದು ಸುಖವೆಂದು ನಾನು ಹೇಳುತ್ತಿಲ್ಲ. 2010ರಿಂದ 13ರವರೆಗೆ ನೋಡಿದ್ದೇನೆ. ಫೀಸು ಕಟ್ಟುವ ಮಕ್ಕಳ ದುಡ್ಡಿನಲ್ಲಿ ವಿಮಾನ ಹತ್ತಿಸಿ ಎಂದೂ ಹೇಳುತ್ತಿಲ್ಲ. ಊರಿಗೆ ಹಾಕಿ ಸಾಕಾಗಿದೆ ಎಂಬ ವಾದವನ್ನು ಮಾತ್ರ ಒಪ್ಪಲಾರೆ. ವೃತ್ತಿಪರ ತಂಡ ಹ್ಯಾವಕ್ ಇದೇ ವಾನ್ ಬ್ರೌನ್ ಸೆಂಟರ್‌ನಲ್ಲಿ 2004ರಿಂದ ಆಡುತ್ತಿದೆ. ನಗರದ ಐಸ್ ಕಾಂಪ್ಲೆಕ್ಸ್‌ನಲ್ಲಿ ಶನಿವಾರ ಬೆಳಗ್ಗೆ ನನ್ನ ಮಗ ಕೋಲಿಗೆ ಕಪ್ಪು ಟೇಪು ಸುತ್ತುತ್ತಾ ಕೂತಿರುತ್ತಾನೆ, ಹಿಮ್ಮಡಿ ಕಡೆಯಿಂದ ತುದಿಗೆ, ಒಂದು ಸುತ್ತಿನ ಮೇಲೆ ಇನ್ನೊಂದು ಅರ್ಧ ಏರುವಂತೆ. ತಪ್ಪಿದರೆ ಬಿಚ್ಚಿ ಮತ್ತೆ ಸುತ್ತುತ್ತಾನೆ. ಇಲ್ಲಿ ಕಲಿತು ಇಲ್ಲೇ ಆಡುವ ದಾರಿ ಜ್ಯಾರೆಡ್ ರಾಸ್‌ಗೆ ಇತ್ತು. ಇವನಿಗೆ ಇಲ್ಲ.

ಅಲಬಾಮಾ ವಿಶ್ವವಿದ್ಯಾಲಯಗಳ ಟ್ರಸ್ಟಿ ಮಂಡಳಿಗೆ ಗವರ್ನರ್ ಪದನಿಮಿತ್ತ ಅಧ್ಯಕ್ಷರು. ಅದಕ್ಕೇ ಪತ್ರ ನಿಮಗೆ. ದುಡ್ಡು ಕೇಳುತ್ತಿಲ್ಲ. ಮುಂದಿನ ಸಭೆಯಲ್ಲಿ ಒಂದು ಪ್ರಶ್ನೆ ಎತ್ತಿಸಿ: ಈ ತಂಡ ಮರಳಬೇಕಾದರೆ ಎಷ್ಟು ಡಾಲರ್ ಬೇಕು, ಯಾವ ದಿನದೊಳಗೆ, ಬಳಗವಿಲ್ಲದೆ ಆಡಲು ಒಪ್ಪಿಗೆಯುಂಟೇ ಇಲ್ಲವೇ? ಉತ್ತರ ಬರಹದಲ್ಲಿ ಬರಲಿ. 'ಆಗುವುದೇ ಇಲ್ಲ' ಎಂಬುದೂ ಉತ್ತರವೇ. ಪಕ್ಕದ ಮನೆಯ ಹಿರಿಯರ ಕಾರಿನ ಡಿಕ್ಕಿಯಲ್ಲಿ ಆ ಎರಡು ನೀಲಿ ದಿಂಬು ಇನ್ನೂ ಇವೆ. ದಿನಸಿ ಚೀಲ ಇಡಲು ಜಾಗವಿಲ್ಲವೆಂದು ಅವರ ಹೆಂಡತಿ ದಿನಾ ಬೈಯುತ್ತಾರೆ. ನಿಮ್ಮಿಂದ ಒಂದು ಮಾತು ಬಂದರೆ ತೆಗೆದುಬಿಡುತ್ತೇನೆ ಅಂದಿದ್ದಾರೆ, ಅಲ್ಲಿಯವರೆಗೆ ಇಲ್ಲವಂತೆ.

ಇಂತಿ,
ಹಂಟ್ಸ್‌ವಿಲ್‌ನ ಒಬ್ಬ ತೆರಿಗೆದಾರ