ಹಳೆಯ ಕಾರು: ಮೀಟರಿಗಿಂತ ಮೊದಲು ಸರ್ವಿಸ್ ಪುಸ್ತಕ

ಮಾನ್ಯ ಸಂಪಾದಕರೇ,

ಕಡಿಮೆ ಹಣದಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರಿಗಾಗಿ ತಮ್ಮ ಪತ್ರಿಕೆಯಲ್ಲಿ ಈಚೆಗೆ ಪ್ರಕಟವಾದ ಲೇಖನವನ್ನು ಓದಿದೆ. ಯಾವ ಕಂಪನಿ, ಯಾವ ಮಾದರಿ, ಎಷ್ಟು ವರ್ಷ ಹಳೆಯದು, ಎಷ್ಟು ಕಿಲೋಮೀಟರ್ ಓಡಿದೆ ಎಂಬ ನಾಲ್ಕು ಪ್ರಶ್ನೆಗಳ ಸುತ್ತಲೇ ಲೇಖನ ನಿಂತಿತ್ತು. ಹಿಂದಿನ ಮಾಲೀಕರು ಆ ಕಾರನ್ನು ಹೇಗೆ ನೋಡಿಕೊಂಡಿದ್ದರು ಎಂಬ ಐದನೆಯ ಪ್ರಶ್ನೆಗೆ ಅದರಲ್ಲಿ ಒಂದು ಸಾಲಿನಷ್ಟೂ ಜಾಗವಿರಲಿಲ್ಲ. ಕೈಯಲ್ಲಿ ಹಣ ಕಡಿಮೆ ಇರುವವರು ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಅದನ್ನೇ ಎಂಬುದನ್ನು ಪೆಟ್ಟು ತಿಂದು ಕಲಿತವನಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನಾನು ಮೊದಲು ಕೊಂಡ ಹಳೆಯ ಕಾರಿಗೆ ಎಂಟು ವರ್ಷ ತುಂಬಿತ್ತು. ಮೀಟರಿನಲ್ಲಿ ಇದ್ದದ್ದು 31,000 ಕಿಲೋಮೀಟರ್ ಮಾತ್ರ. ಬಣ್ಣ ಮಾಸಿರಲಿಲ್ಲ, ಸೀಟುಗಳು ಹೊಸದರಂತಿದ್ದವು, ಮೀಟರನ್ನು ಯಾರೂ ತಿರುಗಿಸಿರಲೂ ಇಲ್ಲ. ಇಷ್ಟು ಕಡಿಮೆ ಓಡಿದ ಗಾಡಿ ಮತ್ತೆ ಸಿಗಲಾರದು ಎಂಬ ಆತುರದಲ್ಲಿ ಯಾವಾಗ ಏನು ಸರ್ವಿಸ್ ಆಯಿತೆಂದು ಬರೆದಿಡುವ ಸರ್ವಿಸ್ ಪುಸ್ತಕವನ್ನು ಕೇಳದೆಯೇ ಹಣ ಎಣಿಸಿಕೊಟ್ಟೆ. ನಾಲ್ಕನೆಯ ತಿಂಗಳಲ್ಲಿ ಒಂದು ದಿನ, ಹೆದ್ದಾರಿಯಲ್ಲಿ ಹೋಗುತ್ತಿರುವಾಗ, ಯಾವ ಮುನ್ಸೂಚನೆಯೂ ಇಲ್ಲದೆ ಎಂಜಿನ್ ನಿಂತುಹೋಯಿತು. ಟೈಮಿಂಗ್ ಬೆಲ್ಟ್ ಹರಿದಿತ್ತು. ಆ ಬೆಲ್ಟ್ ರಬ್ಬರಿನದು. ಓಡಲಿ, ನಿಂತೇ ಇರಲಿ, ವರ್ಷ ಕಳೆದಂತೆ ಅದರ ಬಲ ಕುಂದುತ್ತದೆ. ಆದ್ದರಿಂದಲೇ ಬೆಲ್ಟ್ ಬದಲಿಸಬೇಕಾದ ಅವಧಿಯನ್ನು ತಯಾರಕರು ಸಾಮಾನ್ಯವಾಗಿ ಕಿಲೋಮೀಟರಿನಲ್ಲೂ ವರ್ಷಗಳಲ್ಲೂ ನಮೂದಿಸಿ, ಎರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅದನ್ನು ಪಾಲಿಸಬೇಕು ಎನ್ನುತ್ತಾರೆ. ಅನೇಕ ಎಂಜಿನ್‌ಗಳಲ್ಲಿ ಪಿಸ್ಟನ್ ಮತ್ತು ವಾಲ್ವ್‌ಗಳು ಒಂದೇ ಜಾಗಕ್ಕೆ ಸರದಿಯ ಮೇಲೆ ಬಂದು ಹೋಗುತ್ತವೆ. ಆ ಸರದಿಯನ್ನು ಕಾಯುವ ಬೆಲ್ಟ್ ಹರಿದರೆ ಎರಡೂ ಡಿಕ್ಕಿ ಹೊಡೆಯುತ್ತವೆ. ಬಿಚ್ಚಿದ ಎಂಜಿನ್ನಿನಿಂದ ಬಾಗಿದ ವಾಲ್ವ್‌ಗಳನ್ನು ಒಂದೊಂದಾಗಿ ತೆಗೆದು, ಎಣ್ಣೆ ಹತ್ತಿದ ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿ, ಮೆಕ್ಯಾನಿಕ್ ನನಗೆ ತೋರಿಸಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಒಟ್ಟು ಎಂಟು ವಾಲ್ವ್‌ಗಳು ಬಾಗಿದ್ದವು. ಸರ್ವಿಸ್ ಪುಸ್ತಕವನ್ನು ಅಂದೇ ತೆರೆದು ನೋಡಿದ್ದರೆ ಬೆಲ್ಟ್ ಬದಲಿಸಿದ ದಾಖಲೆ ಇಲ್ಲವೆಂಬುದು ಎರಡೇ ನಿಮಿಷದಲ್ಲಿ ತಿಳಿಯುತ್ತಿತ್ತು.

ಕಡಿಮೆ ಓಡಿದ ಕಾರೆಂದರೆ ಒಳ್ಳೆಯ ಕಾರು ಎಂಬ ನಂಬಿಕೆ ಅರ್ಧ ಸತ್ಯ. ದಿನವೂ ಒಂದೆರಡು ಕಿಲೋಮೀಟರ್ ಮಾತ್ರ ಓಡುವ ಗಾಡಿಯಲ್ಲಿ ಎಂಜಿನ್ ಆಯಿಲ್ ಪೂರ್ತಿ ಬಿಸಿಯಾಗುವುದೇ ಇಲ್ಲ; ಅದರಲ್ಲಿ ಸೇರಿದ ನೀರಿನ ಅಂಶ ಮತ್ತು ಇಂಧನ ಆವಿಯಾಗದೆ ಉಳಿದು ಆಯಿಲನ್ನು ಕೆಡಿಸುತ್ತವೆ. ಡೀಸೆಲ್ ಕಾರಾದರೆ, ಹೊಗೆಯ ಮಸಿಯನ್ನು ಹಿಡಿದಿಡುವ ಫಿಲ್ಟರ್ ಇದ್ದಲ್ಲಿ, ಅದು ಮಸಿಯನ್ನು ಸುಟ್ಟುಕೊಳ್ಳುವಷ್ಟು ಬಿಸಿಯೇರದೆ ಕಟ್ಟಿಕೊಳ್ಳುತ್ತದೆ. ಇಂಥ ಗಾಡಿಗಿಂತ, ಹೆದ್ದಾರಿಯಲ್ಲಿ ಒಂದು ಲಕ್ಷ ಕಿಲೋಮೀಟರ್ ಓಡಿ, ಪ್ರತಿ ಸರ್ವಿಸಿನ ಬಿಲ್ಲನ್ನೂ ಜೋಪಾನವಾಗಿ ಇಟ್ಟುಕೊಂಡ ಮಾಲೀಕರ ಗಾಡಿಯನ್ನು ನಾನು ಕಣ್ಣುಮುಚ್ಚಿ ಮೊದಲು ನೋಡಲು ಹೋಗುತ್ತೇನೆ. ಕೊಳ್ಳುವುದನ್ನು ಮಾತ್ರ ಕಣ್ಣು ತೆರೆದೇ ಮಾಡುತ್ತೇನೆ.

ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಅವರು 1970ರಲ್ಲಿ ಹಳೆಯ ಕಾರಿನ ಮಾರುಕಟ್ಟೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಒಂದು ಪ್ರಬಂಧ ಬರೆದರು. ಕಾರಿನ ದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಎಲ್ಲ ಕಾರಿಗೂ ಒಂದೇ ಸರಾಸರಿ ಬೆಲೆ ಕೊಡಲು ಮುಂದಾಗುತ್ತಾನೆ. ಆ ಬೆಲೆಗೆ ಕೊಡಲು ಮನಸ್ಸು ಬಾರದೆ ಒಳ್ಳೆಯ ಕಾರಿನವರು ಹಿಂದೆ ಸರಿಯುತ್ತಾರೆ, ಕೆಟ್ಟ ಕಾರುಗಳು ಉಳಿಯುತ್ತವೆ ಎಂಬುದು ಅವರ ವಿಶ್ಲೇಷಣೆ. ಇಂಥ ಮಾರುಕಟ್ಟೆಗಳ ಅಧ್ಯಯನಕ್ಕಾಗಿ 2001ರಲ್ಲಿ ಅವರು ಇನ್ನಿಬ್ಬರೊಂದಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದರು. ಆ ಪ್ರಬಂಧವನ್ನು ನೆನೆದಾಗಲೆಲ್ಲ ನನಗೆ ಅನ್ನಿಸುವುದು ಇಷ್ಟೇ: ಮಾರುವವನಿಗೆ ಗೊತ್ತಿರುವುದರಲ್ಲಿ ಸ್ವಲ್ಪವನ್ನಾದರೂ ಕೊಳ್ಳುವವನ ಕೈಗೆ ತಂದುಕೊಡುವ ಕಾಗದವೆಂದರೆ ಸರ್ವಿಸ್ ಪುಸ್ತಕ ಒಂದೇ. ಅದಿಲ್ಲದ ಕಾರಿಗೆ ಬೆಲೆ ಇಳಿಸಿ ಕೇಳುವುದು ಚೌಕಾಸಿಯಲ್ಲ, ನ್ಯಾಯ.

ಕಾಗದ ಹೇಳಿದ್ದನ್ನು ಗಾಡಿಯೂ ಹೇಳುತ್ತದೆಯೇ ಎಂದು ತಾಳೆ ನೋಡಲು ದೊಡ್ಡ ಪರಿಣತಿ ಬೇಕಿಲ್ಲ. ಟೈರಿನ ಪಕ್ಕದಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ; 2319 ಎಂದಿದ್ದರೆ ಆ ಟೈರ್ 2019ರ 23ನೆಯ ವಾರದಲ್ಲಿ ತಯಾರಾದದ್ದು. ಇಪ್ಪತ್ತು ಸಾವಿರ ಕಿಲೋಮೀಟರ್ ಮಾತ್ರ ಓಡಿದೆಯೆನ್ನುವ ಕಾರಿಗೆ ನಾಲ್ಕೂ ಟೈರ್ ಬದಲಾಗಿದ್ದರೆ, ಬ್ರೇಕ್ ಪೆಡಲಿನ ರಬ್ಬರ್ ಸವೆದು ನುಣುಪಾಗಿದ್ದರೆ, ಮೀಟರಿನ ಮಾತನ್ನು ನಂಬುವ ಮೊದಲು ಕಾರಣ ಕೇಳಬೇಕು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡುವುದನ್ನು ನಾನು ಎಂದೂ ಮರೆಯುವುದಿಲ್ಲ. ನೀರಿನಲ್ಲಿ ಮುಳುಗಿದ ಕಾರನ್ನು ಎಷ್ಟೇ ತೊಳೆದರೂ ಸುರುಳಿಯ ಒಳಗಿರುವ ಆ ಕೊನೆಯ ಗೇಣನ್ನು ತೊಳೆಯುವವರು ಕಡಿಮೆ. ಮೇಲೆಲ್ಲ ಹೊಳೆಯುತ್ತಿದ್ದ ಒಂದು ಕಾರಿನಲ್ಲಿ ಹೀಗೆ ಎಳೆದಾಗ ಒಣಗಿದ ಕೆಸರಿನ ಗೆರೆ ಬೆರಳಿಗೆ ತಾಗಿತು. ಆ ಮನೆಯಿಂದ ನಾನು ಟೆಸ್ಟ್ ಡ್ರೈವ್ ಕೂಡ ಮಾಡದೆ ಹಿಂದಿರುಗಿದೆ.

ಕಾರು ನೋಡಲು ಹೋಗುವ ಮೊದಲು, ನಾನು ಬರುವವರೆಗೂ ಸ್ಟಾರ್ಟ್ ಮಾಡಬೇಡಿ ಎಂದು ಹೇಳಿಡಬೇಕು. ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಟ್ಟು ನೋಡಬೇಕು. ತಣ್ಣಗಿರುವ ಎಂಜಿನ್ ಮೊದಲ ಅರ್ಧ ನಿಮಿಷದಲ್ಲಿ ಹೇಳುವುದನ್ನು ಬಿಸಿಯಾದ ಎಂಜಿನ್ ಮರೆಮಾಚುತ್ತದೆ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಬೆಳಗಿನ ಚಳಿಗೆ ಒಂದೆರಡು ನಿಮಿಷ ಬಿಳಿಯ ಆವಿ ಬರುವುದು ಸಹಜ, ಆದರೆ ಎಂಜಿನ್ ಬಿಸಿಯಾದ ಮೇಲೂ ದಟ್ಟವಾದ ಬಿಳಿ ಹೊಗೆ ನಿಲ್ಲದಿದ್ದರೆ, ಎಂಜಿನ್ನನ್ನು ತಂಪಾಗಿಡುವ ದ್ರವವಾದ ಕೂಲಂಟ್ ಒಳಗೆ ಸೋರುತ್ತಿರಬಹುದು. ಇಷ್ಟಾದ ಮೇಲೂ, ಮಾರುವವರಿಗೆ ಸಂಬಂಧವಿಲ್ಲದ ಮೆಕ್ಯಾನಿಕ್ ಒಬ್ಬರಿಗೆ ಹಣ ಕೊಟ್ಟು, ಗಾಡಿಯನ್ನು ಲಿಫ್ಟಿಗೇರಿಸಿ ನೋಡಿಸಲೇಬೇಕು. ಇದಕ್ಕೆ ಒಪ್ಪದ ಮಾಲೀಕರೊಡನೆ ಮಾತು ಮುಂದುವರಿಸುವುದರಲ್ಲಿ ಅರ್ಥವಿಲ್ಲ.

ಓಡಿಸುವ ಖುಷಿಯ ಬಗ್ಗೆ ತಮ್ಮ ಲೇಖನ ಒಂದು ಮಾತನ್ನೂ ಆಡಿರಲಿಲ್ಲ. ಕಡಿಮೆ ಹಣದವರಿಗೆ ಅದು ಸಲ್ಲದ ಆಸೆಯೆಂಬ ಭಾವನೆ ಅದರ ಹಿಂದಿತ್ತೇನೋ. ನಾನು ಇದನ್ನು ಒಪ್ಪುವುದಿಲ್ಲ. ಖುಷಿಗೆ ಬೇಕಾದದ್ದು ಹೆಚ್ಚು ಶಕ್ತಿಯಲ್ಲ, ಕಡಿಮೆ ತೂಕ. 1989ರಲ್ಲಿ ಬಂದ ಮಜ್ದಾ ಎಂಎಕ್ಸ್-5 ಕಾರಿನಲ್ಲಿ ಇದ್ದದ್ದು 1.6 ಲೀಟರಿನ ಸಾಧಾರಣ ಎಂಜಿನ್. ತೂಕ ಒಂದು ಟನ್ನಿಗಿಂತ ಕಡಿಮೆ. ಆ ಹಗುರತನಕ್ಕೇ ಜನ ಅದನ್ನು ಮೆಚ್ಚಿದರು, 2016ರ ಹೊತ್ತಿಗೆ ಹತ್ತು ಲಕ್ಷ ಕಾರುಗಳು ತಯಾರಾಗಿದ್ದವು. ಎರಡೇ ಸೀಟಿನ ಕಾರು ಎಲ್ಲರಿಗೂ ಒಗ್ಗುವುದಿಲ್ಲ, ನಿಜ. ಆದರೆ ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಿ ಶಕ್ತಿ ಹೆಚ್ಚಿಸುವ ಸಾಧನ) ಇಲ್ಲದ ಪೆಟ್ರೋಲ್ ಎಂಜಿನ್ನಿನ, ಮ್ಯಾನ್ಯುಯಲ್ ಗೇರಿನ, ಹಗುರವಾದ ಹ್ಯಾಚ್‌ಬ್ಯಾಕ್ ಕೂಡ ತಿರುವುಗಳಲ್ಲಿ ಅದೇ ಬಗೆಯ ಸಂತೋಷ ಕೊಡುತ್ತದೆ. ಅದರಲ್ಲಿ ಕೆಡಬಹುದಾದ ಭಾಗಗಳೂ ಕಡಿಮೆ. ಹೀಗೆ ಖುಷಿಯೂ ಭರವಸೆಯೂ ಒಂದೇ ಗಾಡಿಯಲ್ಲಿ ಸಿಗುವುದು ಸಾಧ್ಯ. ಇದಕ್ಕೆ ತದ್ವಿರುದ್ಧವಾದದ್ದು, ಸಣ್ಣ ಹೊಸ ಕಾರಿನ ಬೆಲೆಗೆ ಸಿಗುವ ಹದಿನೈದು ವರ್ಷದ ಐಷಾರಾಮಿ ಕಾರು. ವರ್ಷಗಳು ಕಳೆದಂತೆ ಕಾರಿನ ಬೆಲೆ ಇಳಿಯುತ್ತದೆ, ಅದರ ಏರ್ ಸಸ್ಪೆನ್ಷನ್ನಿನಂಥ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಮೊದಲ ರಿಪೇರಿಯಲ್ಲೇ ಕೈಸುಟ್ಟುಕೊಂಡು, ಕೊಂಡ ಕಾರನ್ನು ಮೂಲೆಯಲ್ಲಿ ನಿಲ್ಲಿಸಿದವರನ್ನು ನಾನು ಬಲ್ಲೆ.

ಹಾಗೆಯೇ, ಕೈಯಲ್ಲಿರುವ ಹಣವನ್ನೆಲ್ಲ ಕಾರಿಗೇ ಸುರಿಯಬಾರದು. ಹತ್ತರಲ್ಲಿ ಒಂದು ಪಾಲನ್ನಾದರೂ ಎತ್ತಿಟ್ಟು, ಕೊಂಡ ವಾರದಲ್ಲೇ ಎಲ್ಲ ಆಯಿಲ್, ಕೂಲಂಟ್, ಬ್ರೇಕ್ ಫ್ಲೂಯಿಡ್‌ಗಳನ್ನೂ, ದಾಖಲೆ ಇಲ್ಲದಿದ್ದರೆ ಬೆಲ್ಟನ್ನೂ ಬದಲಿಸಿಕೊಳ್ಳಬೇಕೆಂಬುದು ನನ್ನ ಅನುಭವದ ಸಲಹೆ.

ತಮ್ಮಲ್ಲಿ ನನ್ನದೊಂದು ಕೋರಿಕೆ. ವಾಹನ ಪುಟದಲ್ಲಿ ಹೊಸ ಕಾರಿನ ವಿಮರ್ಶೆ ಪ್ರಕಟಿಸುವಾಗಲೆಲ್ಲ, ಅದರ ಎಂಜಿನ್ನಿಗೆ ಇರುವುದು ಟೈಮಿಂಗ್ ಬೆಲ್ಟೋ ಚೈನೋ, ಬೆಲ್ಟಾದರೆ ಎಷ್ಟು ಕಿಲೋಮೀಟರಿಗೆ ಅಥವಾ ಎಷ್ಟು ವರ್ಷಕ್ಕೆ ಬದಲಿಸಬೇಕು, ಗೇರ್‌ಬಾಕ್ಸಿನ ಆಯಿಲನ್ನು ಯಾವಾಗ ಬದಲಿಸಬೇಕು ಎಂಬ ವಿವರಗಳನ್ನು ಒಂದು ಸಣ್ಣ ಚೌಕಟ್ಟಿನಲ್ಲಿ ದಯವಿಟ್ಟು ಅಚ್ಚು ಮಾಡಿ. ಇಂದು ಶೋರೂಮಿನಲ್ಲಿ ಹೊಳೆಯುತ್ತಿರುವ ಕಾರೇ ಎಂಟು ವರ್ಷಗಳ ನಂತರ ನನ್ನಂಥವರ ಕೈಗೆ ಬರುವುದು. ಅಂದು ಅದನ್ನು ನೋಡಲು ಹೋಗುವವರು ಆ ಚೌಕಟ್ಟನ್ನು ಕತ್ತರಿಸಿ ಜೇಬಿನಲ್ಲಿ ಇಟ್ಟುಕೊಂಡು ಹೋಗುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ